ಮನೆ ಬಾಗಿಲು, ಕೀ ಒಂದು

ಜನವರಿ ೯

ಅಕ್ಕನಿಗೆ,

ನೀನು ಫೋನ್ ಎತ್ತುತ್ತಿಲ್ಲ. ಅಪ್ಪ ಹೋದ ಮರುದಿನದಿಂದ ಇವತ್ತಿನವರೆಗೆ ಹನ್ನೊಂದು ಸಲ ಮಾಡಿದೆ. ಅದಕ್ಕೇ ಪತ್ರ. ಕೈಯಲ್ಲಿ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ನೋಡಿ ನಗಬೇಡ.

ಅಂತ್ಯಕ್ರಿಯೆಗೆ ಬರಲಿಲ್ಲ ಅಂತ ನಿನಗೆ ಸಿಟ್ಟಿದೆ. ಅವತ್ತು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ಈ ಸಲ ಪೂರ್ತಿ ಕೇಳು. ಅಲ್ಲಿ ತೆರಿಗೆ ಕಟ್ಟಿ ಕಟ್ಟಿ ಸಾಕಾಗಿ ನಾನು ಈ ದೇಶಕ್ಕೆ ಬಂದೆ. ಬಂದರೆ ಮಾತ್ರ ಸಾಲದು, ನಿಜವಾಗಿ ಬಿಟ್ಟು ಬಂದಿದ್ದೇನೆ ಅಂತ ತೋರಿಸಬೇಕು. ವರ್ಷದಲ್ಲಿ ತೊಂಬತ್ತು ದಿನ ಮೀರಿ ಅಲ್ಲಿದ್ದರೆ ನಾನು ಇನ್ನೂ ಅಲ್ಲಿಯವನೇ ಅನ್ನುತ್ತಾರೆ. ಅಪ್ಪ ಹೋದಾಗ ನನ್ನ ಎಂಬತ್ತೊಂಬತ್ತು ದಿನ ಮುಗಿದಿದ್ದವು. ಬಂದು ಹೋಗಲು ಮೂರು ದಿನವಾದರೂ ಬೇಕಿತ್ತು. ಕಂಪನಿ ಮಾರಿದ ವರ್ಷ ಅದು, ಅಕ್ಕ. ಎರಡು ದಿನಕ್ಕೋಸ್ಕರ ಹನ್ನೆರಡು ವರ್ಷದ ದುಡಿಮೆಯಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುತ್ತಿತ್ತು. ಅಪ್ಪನನ್ನೇ ಕೇಳಿದ್ದರೂ ಬರಬೇಡ ಅನ್ನುತ್ತಿದ್ದರು.

ಈಗ ಅಲ್ಲಿಯ ತೆರಿಗೆಯವರು ಇನ್ನೊಂದು ಎತ್ತಿದ್ದಾರೆ. ದಿನದ ಲೆಕ್ಕ ಸರಿ ಇದ್ದರೂ, ನನಗೆ ಅಂತ ಅಲ್ಲಿ ಒಂದು ಮನೆ, ಒಂದು ಕೋಣೆ ಕಾದಿಟ್ಟಿದ್ದರೆ ನಾನು ಬಿಟ್ಟು ಬಂದ ಹಾಗಲ್ಲವಂತೆ. ನಿನ್ನಿಂದ ಒಂದು ಕಾಗದ ಬೇಕು. ನನ್ನ ಸಲಹೆಗಾರ ಹೇಳಿದ್ದನ್ನು ಹಾಗೇ ಬರೆದಿದ್ದೇನೆ, ನೀನು ನಕಲು ಮಾಡಿದರಾಯಿತು: "ನನ್ನ ತಮ್ಮನಿಗೆ ಈ ಮನೆಯಲ್ಲಿ ಜಾಗವಿಲ್ಲ. ಅವನಿಗೆಂದು ಯಾವ ಕೋಣೆಯನ್ನೂ ಇಟ್ಟಿಲ್ಲ. ಅವನ ಯಾವ ವಸ್ತುವೂ ಇಲ್ಲಿಲ್ಲ. ಅವನು ಇಲ್ಲಿಗೆ ಬರುವುದನ್ನು ಯಾರೂ ಎದುರುನೋಡುತ್ತಿಲ್ಲ." ಕೆಳಗೆ ದಿನಾಂಕ, ಸಹಿ, ನಮ್ಮ ಬೀಗದಂಗಡಿಯ ಮುದ್ರೆ.

ಅಪ್ಪ ಹೋದ ದಿನ ನೀನು ಫೋನಿನಲ್ಲಿ ಅಂದದ್ದೂ ಹೆಚ್ಚುಕಡಿಮೆ ಇದೇ ತಾನೇ? ಅದನ್ನು ಬರೆದುಕೊಡು, ಅಷ್ಟೇ. ಮಹಡಿಯ ಕೋಣೆ ಖಾಲಿ ಮಾಡಿಬಿಡು, ಸಾಮಾನು ಯಾರಿಗಾದರೂ ಕೊಡು. ನನ್ನ ಹತ್ತಿರ ಇದ್ದ ಮನೆ ಕೀ ಇದರ ಜೊತೆ ಇಟ್ಟಿದ್ದೇನೆ.

ನಿನ್ನ ತಮ್ಮ,
ಚಿಲಕ


ಜನವರಿ ೨೭

ಲೋ ಚಿಲಕ,

ನಿನ್ನ ಲಕೋಟೆ ಬಂದಾಗ ಅಂಗಡಿಯಲ್ಲಿ ಗಿರಾಕಿ ಇದ್ದರು. ಗೋದಾಮಿನ ಬೀಗ ಹಿಡಿದುಕೊಂಡು ಬಂದಿದ್ದ ಒಬ್ಬ ಮುದುಕ. ಲಕೋಟೆ ಹರಿದದ್ದೇ ತಡ, ಕೀ ಟಣ್ಣನೆ ಮೇಜಿನ ಮೇಲೆ ಬಿತ್ತು. "ಯಾರಮ್ಮಾ ಅದು, ಕೀ ಟಪಾಲಲ್ಲಿ ಕಳ್ಸಿರೋರು?" ಅಂದ. "ಮನೆ ಬೇಡ ಅಂದೋರು" ಅಂದೆ. ಪಾಪ, ತನ್ನ ಬೀಗ ಮೇಜಿನ ಮೇಲಿಟ್ಟು ಹೊರಗೆ ಹೋಗಿ ಕೂತ.

ಕೀಯನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡು ವರ್ಷದ ಕೀ, ಹಲ್ಲುಗಳ ಮೇಲೆ ಅಪ್ಪನ ಅರದ ಗೀರು ಇನ್ನೂ ಹಾಗೇ ಇದೆ, ಒಂದಿಷ್ಟೂ ಸವೆದಿಲ್ಲ. ಯಾರು ಎಷ್ಟು ಸಲ ಮನೆಗೆ ಬಂದಿದ್ದಾರೆ ಅಂತ ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ ಕಣೋ, ಮೂವತ್ತು ವರ್ಷದಿಂದ ಇದೇ ಕೆಲಸ. ಊರಿಗೆ ಬಂದಾಗಲೂ ಹೋಟೆಲಿನಲ್ಲಿ ಇಳಿಯುತ್ತಿದ್ದೆ. "ನಿಮ್ಗ್ಯಾಕೆ ತೊಂದ್ರೆ" ಅನ್ನುತ್ತಿದ್ದೆ. ನಾವು ಮಂಗಗಳು, ನಂಬಿದೆವು.

ಹೌದು, ಅಂದೆ. "ಈ ಮನೇಲಿ ಇನ್ನು ನಿಂಗೆ ಜಾಗ ಇಲ್ಲ" ಅಂದೆ. ಅಪ್ಪನ ಮೈ ಇನ್ನೂ ಬಿಸಿಯಿತ್ತು, ನೀನು ದಿನ ಎಣಿಸುತ್ತಿದ್ದೆ, ಬಾಯಿಗೆ ಬಂದದ್ದು ಅಂದೆ. ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಅಳುತ್ತಿದ್ದರು. ನೀನು ಅದಕ್ಕೆ ಸಹಿ, ಮುದ್ರೆ ಕೇಳುತ್ತೀಯ! ನಿನ್ನ ಮುಖಕ್ಕಿಷ್ಟು.

ಕೇಳು. ಅಪ್ಪ ಆಸ್ಪತ್ರೆಯಲ್ಲಿದ್ದದ್ದು ಹದಿಮೂರು ದಿನ. ವಾರ್ಡಿನ ಬಾಗಿಲು ಸದ್ದಾದಾಗಲೆಲ್ಲ "ಚಿಲ್ಕ ಬಂದ್ನಾ?" ಅನ್ನುತ್ತಿದ್ದರು. ಚಿಕ್ಕವನಿದ್ದಾಗ ಅಪ್ಪ ಹೊರಗೆ ಹೊರಟರೆ ಬಾಗಿಲ ಚಿಲಕಕ್ಕೆ ಜೋತುಬೀಳುತ್ತಿದ್ದೆಯಲ್ಲ, ಆ ಹೆಸರಿಟ್ಟವರೂ ಅವರೇ. ನವೆಂಬರ್ ಹದಿನಾಲ್ಕರ ಸಾಯಂಕಾಲ ನಿನಗೆ ಫೋನ್ ಮಾಡಿ ಅವರ ಕಿವಿಗೆ ಹಿಡಿದೆ. "ಇಲ್ಲಿ ಇನ್ನೂ ಬೆಳಗ್ಗೆ ಅಪ್ಪಾ, ಆಫೀಸಿಗೆ ಹೊರಟಿದ್ದೀನಿ" ಅಂದೆ. ಫೋನ್ ಇಟ್ಟ ಮೇಲೆ ಅಪ್ಪ ನನ್ನನ್ನು ಗದರಿದರು: "ತಿಂಡಿ ತಿಂದ್ನಾ ಕೇಳ್ಬಾರ್ದಾ ನೀನು?"

ಕಾಗದ ಬರೆಯುವುದಿಲ್ಲ. ಕೀ ವಾಪಸ್ ಕಳಿಸಿದ್ದೇನೆ. ಅಪ್ಪ ಕೈಯಾರೆ ಮಾಡಿಕೊಟ್ಟದ್ದು, ಕಳೆದುಹೋಗಬಾರದು ಅಂತ ರಿಜಿಸ್ಟರ್ ಮಾಡಿಸಿದೆ.

ನಿನ್ನ ಅಕ್ಕ


ಫೆಬ್ರವರಿ ೧೪

ಅಕ್ಕ,

ರಿಜಿಸ್ಟರ್ ಯಾಕೆ ಮಾಡಿಸಿದೆ? ಅದೂ ಲಕೋಟೆಯ ಮೇಲೆ "ಒಳಗಿರುವುದು: ತಮ್ಮನ ಮನೆ ಕೀ" ಅಂತ ದಪ್ಪಕ್ಷರದಲ್ಲಿ! ನನ್ನ ಸಲಹೆಗಾರ ಅದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕೂತ.

ನಾನು ಬಿಟ್ಟು ಬಂದದ್ದು ತಪ್ಪು ಅಂತ ನಿನಗನಿಸುತ್ತದೆ. ಒಂದು ಮಾತು ಕೇಳಲಾ? ಅಪ್ಪ ನಲವತ್ತೈದು ವರ್ಷ ಒಂದು ಸಲವೂ ತಪ್ಪಿಸದೆ ತೆರಿಗೆ ಕಟ್ಟಿದರು. ಕೊನೆಗೆ ಅವರಿಗೆ ಸಿಕ್ಕಿದ್ದೇನು? ಮೊದಲ ಎರಡು ದಿನ ಆಸ್ಪತ್ರೆಯ ವರಾಂಡದಲ್ಲಿ ಒಂದು ಮಂಚ. ನೀನೇ ಹೇಳಿದ್ದು. ಇಲ್ಲಿ ನಾನು ದುಡಿದದ್ದು ನನ್ನದು. ಯಾರೂ ಕೈ ಚಾಚುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ಇಪ್ಪತ್ತೆರಡನೇ ಮಹಡಿ, ಮನೆಗೆ ಬೀಗವೇ ಇಲ್ಲ, ನಮ್ಮ ಕಂಪನಿ ಮಾಡಿದ ಕಾರ್ಡ್ ತೋರಿಸಿದರೆ ಬಾಗಿಲು ತೆರೆಯುತ್ತದೆ. ಅಪ್ಪನಿಗೆ ಒಂದು ಸಲ ತೋರಿಸಬೇಕು ಅಂತಿತ್ತು. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ಮಾತ್ರ ಇನ್ನೂ ಗೊತ್ತಿಲ್ಲ.

ಅಪ್ಪ ಹೋದ ದಿನ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಕೂತು ಅತ್ತೆ. ಮೇಲೆ ಹೋಗಿ ಅಳಬೇಕು ಅನ್ನಿಸಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ನನ್ನ ಮೇಲಿನ ಸಿಟ್ಟು ನನ್ನ ಮೇಲೇ ತೀರಿಸಿಕೋ, ಬೈ, ಹೊಡಿ. ಅವರ ಕೈಗೆ ನನ್ನನ್ನು ಕೊಡಬೇಡ. ಒಂದು ಕಾಗದ, ನಾಲ್ಕು ಸಾಲು. ನಿನಗೆ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಚಿಲಕ


ಮಾರ್ಚ್ ೩

ಚಿಲಕ,

ನಿನ್ನ ಪತ್ರ ಬಂದು ಒಂದು ವಾರವಾಯಿತು. ಮೂರು ಸಲ ಒಲೆಗೆ ಹಾಕೋಣ ಅಂದುಕೊಂಡೆ. ಆ ನೆಲಮಾಳಿಗೆಯ ಸಾಲು ಕೈ ಹಿಡಿಯಿತು.

ನಿನ್ನೆ ಅಂಗಡಿಗೆ ರಜೆ ಮಾಡಿ ಮಹಡಿಗೆ ಹತ್ತಿದೆ. ನಿನ್ನ ಕೋಣೆಯಲ್ಲಿ ಅಪ್ಪ ಒಂದು ಕಡ್ಡಿಯನ್ನೂ ಅಲುಗಾಡಿಸಿರಲಿಲ್ಲ. ಚಪ್ಪಲಿ ಮಂಚದ ಕೆಳಗೆ, ಟವೆಲ್ ಗೂಟದಲ್ಲಿ. ಕಿಟಕಿಯ ಹತ್ತಿರ ನೀನು ಹತ್ತನೇ ವಯಸ್ಸಿನಲ್ಲಿ ಮಾಡಿದ ಬೀಗ. ಯಾವ ಕೀ ಹಾಕಿದರೂ ತೆರೆಯುತ್ತಿತ್ತಲ್ಲ, ಅದೇ. ನೀನು ದೊಡ್ಡ ಬೀಗದ ಕಂಪನಿ ಮಾಡಿದಾಗ ಅಪ್ಪ ಬಂದವರಿಗೆಲ್ಲ ಅದನ್ನು ತೋರಿಸಿ "ಇಲ್ಲಿಂದ ಶುರು ನಮ್ಮುಡ್ಗ" ಅನ್ನುತ್ತಿದ್ದರು.

ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಿದ್ದೇನೆ. ಒಂಬತ್ತಾಗಬಹುದು. ಸೊಂಟ ಬಿದ್ದುಹೋಗಿದೆ, ಆದಷ್ಟು ಮೆಟ್ಟಿಲವರೆಗೆ ತಂದಿಟ್ಟಿದ್ದೇನೆ. ಹಳೆಯ ಬಟ್ಟೆಯವನು ಶುಕ್ರವಾರ ಬಂದು ಒಯ್ಯುತ್ತಾನೆ.

ಕಾಗದವನ್ನೂ ಬರೆದೆ. ನಿನ್ನ ಸಾಲುಗಳೇ, ಒಂದಕ್ಷರ ಬದಲಿಸಿಲ್ಲ. ಕೊನೆಯ ಸಾಲಿಗೆ ಬಂದು ಹಾಳೆ ಹರಿದೆ, ಇನ್ನೊಂದು ತೆಗೆದುಕೊಂಡು ಮೊದಲಿಂದ ಬರೆದೆ. ಸಹಿ ಮಾಡಿದ್ದೇನೆ, ಮುದ್ರೆ ಹಾಕುವುದೊಂದು ಬಾಕಿ. ಗುರುವಾರ ತೆರಿಗೆ ಕಚೇರಿಯವರು ಮನೆ ನೋಡಲು ಬರುತ್ತಾರಂತೆ, ಅವರ ಕೈಗೇ ಕೊಟ್ಟುಬಿಡುತ್ತೇನೆ. ನೀನು ನಿನ್ನ ಹಣ ಇಟ್ಟುಕೊಂಡು ಚೆನ್ನಾಗಿರು. ಅಪ್ಪ ಇದ್ದಿದ್ದರೂ "ಬರ್ಕೊಟ್ಬಿಡು, ನಮ್ದೇನ್ ಹೋಗುತ್ತೆ" ಅನ್ನುತ್ತಿದ್ದರು.

ಹೊತ್ತಿಗೆ ಸರಿಯಾಗಿ ತಿನ್ನು.

ಅಕ್ಕ


ಮಾರ್ಚ್ ೧೧

ಪ್ರೀತಿಯ ತಮ್ಮನಿಗೆ,

ಗುರುವಾರ ತೆರಿಗೆಯ ಅಧಿಕಾರಿ ಬಂದಿದ್ದರು. ಒಳ್ಳೆಯ ಮನುಷ್ಯ, ತೆಳ್ಳಗೆ, ಬೂಟು ಹೊರಗೇ ಬಿಟ್ಟು ಬಂದರು. ಕೂತು ಚಹಾ ಕುಡಿದು, ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಹೋದ ವರ್ಷ ನೀನು ಈ ದೇಶದಲ್ಲಿದ್ದ ದಿನಗಳು.

"ಈ ದಿನಗಳಲ್ಲಿ ಇಲ್ಲಿ ಉಳ್ಕೊಂಡಿದ್ರಾ ಅಂತ ನೋಡಿ ಹೇಳಿ ಅಮ್ಮಾ" ಅಂದರು.

ಕನ್ನಡಕ ಹಾಕಿಕೊಂಡು ಮೇಲಿನಿಂದ ನೋಡುತ್ತಾ ಬಂದೆ. ಕೊನೆಯ ಸಾಲು: ನವೆಂಬರ್ ಹದಿಮೂರರಿಂದ ಹದಿನಾರು. ಪಕ್ಕದಲ್ಲಿ ಸ್ಟೇಷನ್ ಹತ್ತಿರದ ಹೋಟೆಲಿನ ಹೆಸರು. ಆಸ್ಪತ್ರೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಕಣೋ. "ಇಲ್ಲಿ ಇನ್ನೂ ಬೆಳಗ್ಗೆ ಅಪ್ಪಾ" ಅಂದೆಯಲ್ಲ ಹದಿನಾಲ್ಕನೇ ತಾರೀಕು, ಆಗ ನಿನ್ನ ಕಿಟಕಿಯಲ್ಲೂ ನಮ್ಮ ಕಿಟಕಿಯಲ್ಲೂ ಒಂದೇ ಹೊತ್ತು ಮುಳುಗುತ್ತಿತ್ತು. ಅಪ್ಪ ನಿನ್ನ ತಿಂಡಿಯ ಚಿಂತೆ ಮಾಡುತ್ತಿದ್ದರು.

"ಯಾಕಮ್ಮಾ, ನೀರು ಬೇಕಾ?" ಅಂದರು ಅಧಿಕಾರಿ.

"ಏನಿಲ್ಲ ಸಾರ್" ಅಂದೆ. ನಿನ್ನ ಕಾಗದ ನನ್ನ ಕೆಲಸದ ಅಂಗಿಯ ಜೇಬಿನಲ್ಲಿತ್ತು. ಜೇಬಿನಲ್ಲೇ ಮುದುರಿ ಉಂಡೆ ಮಾಡಿದೆ.

ಕೋಣೆ ನೋಡಬೇಕು ಅಂದರು. ಮೆಟ್ಟಿಲ ಮೇಲೆ ನಿನ್ನ ಪೆಟ್ಟಿಗೆಗಳು, ದಾರಿಯೇ ಇಲ್ಲ. ಒಂದಕ್ಕೆ ಎಡವಿದರು ಪಾಪ.

"ಯಾರ್ದಮ್ಮಾ ಇದೆಲ್ಲ?"

"ನನ್ನ ತಮ್ಮಂದು."

"ಎಲ್ಲಿಗೆ ಹೊರಟಿದೆ?"

ನಡು ಮೆಟ್ಟಿಲಲ್ಲಿದ್ದ ಪೆಟ್ಟಿಗೆಗಳು. ಮೇಲೂ ಹೋಗಬಹುದು, ಕೆಳಗೂ ಹೋಗಬಹುದು. "ಮೇಲಕ್ಕೆ ಸಾರ್" ಅಂದೆ. "ಕೋಣೆ ಗುಡಿಸಿ ಒರೆಸೋಕೆ ತೆಗ್ದಿದ್ದೆ. ಅವನು ಯಾವಾಗ ಬರ್ತಾನೋ ಏನೋ, ಧೂಳಿರ್ಬಾರ್ದಲ್ಲ." ಒಳ್ಳೆಯ ಮನುಷ್ಯ ಅಂದೆನಲ್ಲ, ಎರಡು ಪೆಟ್ಟಿಗೆ ಅವರೇ ಹೊತ್ತು ತಂದರು. ಚಪ್ಪಲಿ ಮಂಚದ ಕೆಳಗಿಟ್ಟೆ. ಟವೆಲ್ ಕೊಡವಿ ಗೂಟಕ್ಕೆ ಹಾಕಿದೆ. ಹಾಸಿಗೆಗೆ ಒಗೆದ ಹೊದಿಕೆ ಹಾಸಿದೆ. ಅವರು ನಿಂತು ಎಲ್ಲ ಬರೆದುಕೊಂಡರು.

ಕೆಳಗೆ ಬಂದು ಅಂಗಡಿಯ ಪುಸ್ತಕ ಕೇಳಿದರು. ಅಪ್ಪನ ಕಾಯಿದೆ ನಿನಗೆ ಗೊತ್ತಲ್ಲ, ಪುಸ್ತಕದಲ್ಲಿ ಬರೆಯದೆ ನಮ್ಮ ಅಂಗಡಿಯಿಂದ ಒಂದು ಕೀಯೂ ಹೊರಗೆ ಹೋಗುವ ಹಾಗಿಲ್ಲ, ಮನೆಯವರಿಗೂ. ಎರಡು ವರ್ಷದ ಹಿಂದೆ ನೀನು ಹೊರಟ ದಿನದ ಹಾಳೆ ನಾನೇ ತೆಗೆದುಕೊಟ್ಟೆ. ಅಪ್ಪನ ಕೈಬರಹ. ಯಾರಿಗೆ: ಮಗನಿಗೆ. ಯಾವುದಕ್ಕೆ: ಮನೆ ಬಾಗಿಲು. ಎಷ್ಟು: ಕೀ ಒಂದು. ಯಾತಕ್ಕೆ: ವಾಪಸ್ ಬರಲಿಕ್ಕೆ. ಕೆಳಗೆ ನಿನ್ನದೇ ಸಹಿ.

ಅಧಿಕಾರಿ ಆ ಹಾಳೆಯ ಫೋಟೋ ತೆಗೆದುಕೊಂಡರು. ನಾನು ಹಿಡಿದುಕೊಂಡಿದ್ದೆ, ಅಲುಗಬಾರದು ಅಂತ.

ಎಂದೆಂದಿಗೂ ನಿನ್ನ,
ಅಕ್ಕ


ಮಾರ್ಚ್ ೨೬

ನೀನು ಏನು ಮಾಡಿದ್ದೀಯ ಅಂತ ನಿನಗೆ ಗೊತ್ತಿದೆಯಾ?

ಹೌದು, ಬಂದಿದ್ದೆ. ಕಂಪನಿ ಕೊಂಡವರು ಅಲ್ಲೇ ಕೂತು ಸಹಿ ಹಾಕಬೇಕು ಅಂದರು, ನಾಲ್ಕು ದಿನ ಅಲ್ಲಿಗೇ ಹೋಯಿತು. ಮನೆಯ ಕಡೆ, ಆಸ್ಪತ್ರೆಯ ಕಡೆ ತಲೆ ಹಾಕಬಾರದು, ನಂಟು ಉಳಿದಿದೆ ಅಂತ ಸಾಕ್ಷಿಯಾಗುತ್ತದೆ ಅಂತ ಸಲಹೆಗಾರ ಕಟ್ಟಪ್ಪಣೆ ಮಾಡಿದ್ದ. ಆದರೂ ಬಂದೆ. ಹದಿನೈದನೇ ತಾರೀಕು ಆಸ್ಪತ್ರೆಯ ಬಾಗಿಲವರೆಗೆ ಬಂದೆ. ನೋಡಲು ಬರುವವರು ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು. ರೋಗಿಗೆ ಏನಾಗಬೇಕು ಅಂತ ಒಂದು ಕಾಲಂ. ಪೆನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಹಿಂದಿನವರು "ಬೇಗ ಬರೀರಿ ಸ್ವಾಮಿ" ಅಂದರು. ಪೆನ್ನು ಅವರಿಗೆ ಕೊಟ್ಟು ವಾಪಸ್ ಹೋದೆ. ಅಪ್ಪ ಒಂದು ವಾರದಲ್ಲಿ ಹೋಗುತ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?

ಈಗ ನೀನು ಅವರಿಗೆ ಬರೆದುಕೊಡುವ ಹೇಳಿಕೆಯೊಂದೇ ಉಳಿದಿರುವುದು. ಪೆಟ್ಟಿಗೆ ಬಿಸಾಡಲು ತೆಗೆದಿದ್ದೆ, ಗಾಬರಿಯಲ್ಲಿ ತಪ್ಪು ಹೇಳಿದೆ ಅಂತ ಬರೆ. ಇಲ್ಲದಿದ್ದರೆ ಕೋರ್ಟಿಗೆ ಎಳೆಯುತ್ತೇನೆ, ಅಕ್ಕ ಅಂತ ನೋಡುವುದಿಲ್ಲ. ನಿನಗೆ ಏನು ಬೇಕು ಹೇಳು. ಅಂಗಡಿ ಕಟ್ಟಿಸಿಕೊಡಬೇಕಾ? ಕಾಲಿಗೆ ಬೀಳಬೇಕಾ? ಬಾಯಿ ಬಿಟ್ಟು ಹೇಳು.


ಏಪ್ರಿಲ್ ೨೦

ಪ್ರೀತಿಯ ತಮ್ಮನಿಗೆ,

ಸಿಟ್ಟಿನಲ್ಲಿ ಸಹಿ ಮಾಡುವುದನ್ನೇ ಮರೆತಿದ್ದೀಯ. ಪರವಾಗಿಲ್ಲ, ನಿನಗೆ ಸಹಿಯ ಹತ್ತಿರ ಬಂದಾಗ ಕೈ ಹಿಂದೆ ಹೋಗುವುದು ಹೊಸದಲ್ಲವಲ್ಲ.

ನನಗೆ ಏನೂ ಬೇಡ. ಹೇಳಿಕೆ ಕೊಟ್ಟು ಬಂದೆ, ನಿನಗೂ ಒಂದು ಪ್ರತಿ ಕಳಿಸಿದ್ದೇನೆ, ಓದಿಕೋ:

"ನನ್ನ ತಮ್ಮನಿಗೆ ಈ ಮನೆಯಲ್ಲಿ ಜಾಗ ಇದೆ. ಯಾವಾಗಲೂ ಇತ್ತು. ಮಹಡಿಯ ಕೋಣೆ ಅವನದೇ. ಅವನ ಹಾಸಿಗೆ ಹಾಸಿಯೇ ಇರುತ್ತದೆ. ನಮ್ಮ ತಂದೆ ಕೊನೆಯ ದಿನದವರೆಗೂ ಅವನು ಬರುವುದನ್ನು ಎದುರುನೋಡುತ್ತಿದ್ದರು."

ಇದರಲ್ಲಿ ಸುಳ್ಳು ಯಾವುದು ತೋರಿಸು. ಕೋರ್ಟಿಗೆ ಎಳೆಯುವುದಾದರೆ ಎಳೆ, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬರುತ್ತೇನೆ. ನ್ಯಾಯಾಧೀಶರ ಮುಂದೆ ನಿಂತು "ನನ್ನ ತಮ್ಮನನ್ನು ಕಂಡರೆ ನನಗೆ ಪ್ರಾಣ" ಅನ್ನುತ್ತೇನೆ. ನೀನು ಎದ್ದು "ಇಲ್ಲ ಸ್ವಾಮಿ, ಇವಳಿಗೆ ನಾನು ಬೇಡವೇ ಬೇಡ" ಅಂತ ವಾದ ಮಾಡು. ನೋಡುವವರಿಗೂ ಚೆನ್ನಾಗಿರುತ್ತದೆ.

ನಿನ್ನ ದಾರಿ ಕಾಯುತ್ತಿರುವ,
ಅಕ್ಕ


ಸೆಪ್ಟೆಂಬರ್ ೧೮

ಅಕ್ಕನಿಗೆ,

ಮುಗಿಯಿತು. ಮೇಲ್ಮನವಿಯೂ ಬಿದ್ದುಹೋಯಿತು. ನಾನು ಅಲ್ಲಿಯವನೇ ಅಂತ ತೀರ್ಮಾನ. ಕೇಳಿದ್ದಷ್ಟನ್ನೂ ದಂಡದ ಸಮೇತ ಕಟ್ಟಿದೆ. ನೀನು ಗೆದ್ದೆ.

ಐದು ತಿಂಗಳು ನಿನ್ನನ್ನು ಬೈದುಕೊಂಡೇ ಕಳೆದೆ. ತೀರ್ಪಿನ ಜೊತೆ ಅಪ್ಪನ ಆ ಹಾಳೆಯ ಫೋಟೋ ಲಗತ್ತಿಸಿದ್ದರು. ಸಲಹೆಗಾರನ ಮುಂದೆ ಕೂತಿದ್ದೆ, "ಯಾತಕ್ಕೆ" ಅನ್ನುವ ಕಡೆ ಅಪ್ಪ ಬರೆದದ್ದು ಕಂಡಿತು. ಅವತ್ತು ಸಹಿ ಹಾಕುವಾಗ ನಾನು ಓದಿರಲೇ ಇಲ್ಲ, ಟ್ಯಾಕ್ಸಿ ಕಾಯುತ್ತಿತ್ತು. ಅವನಿಗೆ ಕಾಣದ ಹಾಗೆ ಎದ್ದು ಹೊರಗೆ ಹೋದೆ. ಎರಡು ವರ್ಷ ತೊಂಬತ್ತು ದಿನ ಎಣಿಸಿದೆ. ಈಗ ಎಣಿಸಬೇಕಾಗಿಲ್ಲ ಅಂತ ಹೊಳೆದಾಗ ಒಂಥರಾ ಹಗುರವಾಯಿತು, ನಂಬಿದರೆ ನಂಬು.

ನಿನ್ನ ಹೇಳಿಕೆ ಸಿಟ್ಟಿನಲ್ಲೇ ಬರೆದದ್ದು, ಅಷ್ಟು ಅರ್ಥವಾಗುತ್ತದೆ. ಆದರೆ ಹಾಸಿಗೆ ಹಾಸಿಯೇ ಇರುತ್ತದೆ ಅಂದೆಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದ್ದೇನೋ. ಸಿಟ್ಟು ಬಂದರೂ ಅಷ್ಟು ಬರೆಯಲು ಮನಸ್ಸಿನಲ್ಲಿ ಏನೋ ಇರಲೇಬೇಕು. ಇಲ್ಲಿ ನನ್ನವರು ಅಂತ ಯಾರೂ ಇಲ್ಲ, ಅಕ್ಕ. ಅಕ್ಟೋಬರ್ ಹತ್ತಕ್ಕೆ ಬರುತ್ತಿದ್ದೇನೆ. ಹೋಟೆಲಿಗಲ್ಲ, ಮನೆಗೆ. ಬಾಗಿಲು ತೆರೆಯಲು ನೀನು ಕಾಯುವುದು ಬೇಡ, ಕೀ ನನ್ನ ಹತ್ತಿರ ಇದೆ. ಅಪ್ಪ ಯಾತಕ್ಕೆ ಕೊಟ್ಟರೋ ಅದಕ್ಕೇ ಉಪಯೋಗಿಸುತ್ತೇನೆ.

ನಿನ್ನ ತಮ್ಮ,
ಚಿಲಕ


ಸೆಪ್ಟೆಂಬರ್ ೩೦

ಚಿಲಕ,

ಪತ್ರ ತಲುಪಿತು. ತೀರ್ಪಿನ ವಿಷಯ ಅಧಿಕಾರಿಯೂ ಹೇಳಿದ್ದರು. ಇನ್ನು ಮೇಲ್ಮನವಿ ಇಲ್ಲವಾ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಅವತ್ತೇ ಅಂಗಡಿ ಮುಚ್ಚಿ ಮನೆ ಬಾಗಿಲ ಬೀಗ ಬಿಚ್ಚಿದೆ. ಅಪ್ಪ ಕೊನೆಗೆ ಮಾಡಿಟ್ಟಿದ್ದ ಏಳು ಲಿವರಿನ ಬೀಗ ಕಪಾಟಿನಲ್ಲಿತ್ತು, ಯಾರಿಗೂ ಮಾರಿರಲಿಲ್ಲ. ಅದನ್ನು ಕೂರಿಸಿದೆ. ನಿನ್ನ ಹತ್ತಿರ ಇರುವ ಕೀ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಒತ್ತಾಯ ಮಾಡಬೇಡ, ಮುರಿಯುತ್ತದೆ.

ಪುಸ್ತಕದಲ್ಲಿ ಅಪ್ಪನ ಆ ಸಾಲನ್ನು ಹೊಡೆದುಹಾಕೋಣ ಅಂತ ಕೂತೆ. ಕೈ ಬರಲಿಲ್ಲ. ಅದಕ್ಕೆ ಹೊಸ ಹಾಳೆಯಲ್ಲಿ ನನ್ನದೊಂದು ಬರೆದೆ. ಯಾರಿಗೆ: ನನಗೆ. ಯಾವುದಕ್ಕೆ: ಮನೆ ಬಾಗಿಲು. ಎಷ್ಟು: ಕೀ ಒಂದು. ಯಾತಕ್ಕೆ: ಅವನು ಬರದಿರಲಿಕ್ಕೆ.

ಎಲ್ಲವನ್ನೂ ಮತ್ತೆ ತುಂಬಿದೆ, ಒಂಬತ್ತು ಪೆಟ್ಟಿಗೆಯನ್ನೂ ಹಳೆಯ ಬಟ್ಟೆಯವನು ಒಯ್ದ. ಚಪ್ಪಲಿ ಅವನ ಕಾಲಿಗೇ ಸರಿಯಾಯಿತು. ನಿನ್ನ ಹತ್ತನೇ ವಯಸ್ಸಿನ ಬೀಗವನ್ನು ಮಾತ್ರ ಅಪ್ಪನ ಜೊತೆ ಮಣ್ಣಿಗೆ ಹಾಕಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಗ ಹೊಳೆಯಲಿಲ್ಲ. ಅದನ್ನೂ ಕೊಟ್ಟೆ.

ಅಪ್ಪನ ಹದಿಮೂರು ದಿನ ನೀನು ಕೊಡಲಿಲ್ಲ, ನಾನು ನಿನಗೆ ಮುನ್ನೂರ ಅರವತ್ತೈದೂ ಕೊಡಿಸಿದ್ದೇನೆ. ಊರಿಗೆ ಬಾ, ಯಾರೂ ನಿನ್ನ ದಿನ ಎಣಿಸುವುದಿಲ್ಲ. ಸ್ಟೇಷನ್ ಹತ್ತಿರದ ಹೋಟೆಲಿಗೆ ದಾರಿ ನಿನಗೆ ಗೊತ್ತು.

ಜನವರಿಯಲ್ಲಿ ನೀನು ಒಂದು ಕಾಗದ ಕೇಳಿದ್ದೆ. ತಡವಾಯಿತು. ಮುದ್ರೆ ಹಾಕಿ ಇದರ ಜೊತೆ ಇಟ್ಟಿದ್ದೇನೆ.

ಅಕ್ಕ


ಸೆಪ್ಟೆಂಬರ್ ೩೦

ಸಂಬಂಧಪಟ್ಟವರಿಗೆ,

ನನ್ನ ತಮ್ಮನಿಗೆ ಈ ಮನೆಯಲ್ಲಿ ಜಾಗವಿಲ್ಲ. ಅವನಿಗೆಂದು ಯಾವ ಕೋಣೆಯನ್ನೂ ಇಟ್ಟಿಲ್ಲ. ಅವನ ಯಾವ ವಸ್ತುವೂ ಇಲ್ಲಿಲ್ಲ. ಅವನು ಇಲ್ಲಿಗೆ ಬರುವುದನ್ನು ಯಾರೂ ಎದುರುನೋಡುತ್ತಿಲ್ಲ.

(ಸಹಿ)
(ಅಂಗಡಿಯ ಮುದ್ರೆ)